ಲಿನಕ್ಸ್ ಆಟಗಾರರ ಆಯ್ಕೆಗಳು: ಯಾವ ಯಂತ್ರ, ಯಾವ ಪ್ಯಾಕೇಜು, ಯಾರ ಹೊಣೆ?

ಲಿನಕ್ಸ್‌ನಲ್ಲಿ ಆಟ ಆಡುವವರು ನಾಲ್ಕು ಜನ ಒಂದೆಡೆ ಸೇರಿದರೆ ಎರಡು ವಾದಗಳು ಶುರುವಾಗುತ್ತವೆ. ಮೊದಲನೆಯದು ಯಂತ್ರದ ಬಗ್ಗೆ: ಎಎಂಡಿ ಕಾರ್ಡೋ ಎನ್‌ವಿಡಿಯಾ ಕಾರ್ಡೋ, ಲ್ಯಾಪ್‌ಟಾಪೋ ಕೈಯಲ್ಲೇ ಹಿಡಿದು ಆಡುವ ಸಾಧನವೋ. ಎರಡನೆಯದು ಸಾಫ್ಟ್‌ವೇರ್ ಹಾಕಿಕೊಳ್ಳುವ ಬಗೆಯದು: ಡಿಸ್ಟ್ರೊ (ಉಬುಂಟು, ಫೆಡೋರಾದಂಥ ಲಿನಕ್ಸ್ ವಿತರಣೆ) ಕೊಡುವ ಡೆಬ್ ಅಥವಾ ಆರ್‌ಪಿಎಂ ಸಾಕೋ, ಫ್ಲ್ಯಾಟ್‌ಪ್ಯಾಕ್ ಬೇಕೋ, ಸ್ನ್ಯಾಪೋ, ಆ್ಯಪ್‌ಇಮೇಜೋ. ಮಾತು ಬಿಸಿಯಾದಾಗ ಯಾರಾದರೊಬ್ಬರು ‘ಅವರವರ ಇಷ್ಟ’ ಎಂದು ವಾದಕ್ಕೆ ತೆರೆ ಎಳೆಯುತ್ತಾರೆ.

ಇಷ್ಟದ ಮಾತು ಸರಿ. ಆದರೆ ಇಂಥ ಪ್ರತಿಯೊಂದು ಇಷ್ಟದ ಹಿಂದೆಯೂ ಒಂದೇ ಪ್ರಶ್ನೆ ಇರುತ್ತದೆ: ಈ ಭಾಗ ಕೆಟ್ಟರೆ ಸರಿಪಡಿಸುವ ಹೊಣೆ ಯಾರದು? ಕಾರ್ಡ್ ತಯಾರಿಸಿದ ಕಂಪನಿಯದೋ, ಡಿಸ್ಟ್ರೊ ನಡೆಸುವ ತಂಡದ್ದೋ, ಪ್ರೋಗ್ರಾಂ ಬರೆದವರದೋ, ಆಡುವವನದೇ ಆಗಿಬಿಡುತ್ತದೋ? ಈ ಪ್ರಶ್ನೆ ಕೈಯಲ್ಲಿದ್ದರೆ ಯಾರಿಗೆ ಯಾವುದು ಏಕೆ ಹಿಡಿಸುತ್ತದೆ ಎಂಬುದು ತಿಳಿಯುತ್ತದೆ, ಯಾರಿಗೆ ಏನು ಸೂಚಿಸಬೇಕು ಎಂಬುದೂ ತಿಳಿಯುತ್ತದೆ. ಈ ಲೇಖನ ಎರಡೂ ವಾದಗಳನ್ನು ಆ ಪ್ರಶ್ನೆಯ ಬೆಳಕಿನಲ್ಲಿ ನೋಡುತ್ತದೆ.

ಆಯ್ಕೆಯ ಕಾಲ ಬಂದದ್ದು

ಹತ್ತು ಹದಿನೈದು ವರ್ಷಗಳ ಹಿಂದೆ ಇಂಥ ವಾದಕ್ಕೆ ಹೆಚ್ಚು ಆಸ್ಪದವಿರಲಿಲ್ಲ, ಏಕೆಂದರೆ ಆಡಲು ಆಟಗಳೇ ಕಡಿಮೆ ಇದ್ದವು. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಯೋಜನೆ 1993ರಲ್ಲೇ ಶುರುವಾಗಿತ್ತು. ಆದರೂ ಅದರಲ್ಲಿ ಹೊಸ ಆಟವೊಂದನ್ನು ಓಡಿಸುವುದೆಂದರೆ ಸೆಟ್ಟಿಂಗ್‌ಗಳ ಜೊತೆ ಗುದ್ದಾಟ. 2013ರ ಫೆಬ್ರವರಿಯಲ್ಲಿ ವಾಲ್ವ್ ಕಂಪನಿ ತನ್ನ ಸ್ಟೀಮ್ ಅಂಗಡಿಯನ್ನು ಲಿನಕ್ಸ್‌ಗೆ ತಂದಿತು. 2015ರ ನವೆಂಬರಿನಲ್ಲಿ ಹಲವು ತಯಾರಕರ ‘ಸ್ಟೀಮ್ ಮಷೀನ್’ಗಳು ಮಾರುಕಟ್ಟೆಗೆ ಬಂದವು, ಕೊಳ್ಳುವವರಿಲ್ಲದೆ ಹಿಂದೆ ಸರಿದವು. ಆಟದ ಕಂಪನಿಗಳು ಲಿನಕ್ಸ್‌ಗೆಂದೇ ಬೇರೆ ಆವೃತ್ತಿ ಸಿದ್ಧಪಡಿಸಬೇಕಿತ್ತು, ಹೆಚ್ಚಿನವು ಆ ಗೊಡವೆಗೆ ಹೋಗಲಿಲ್ಲ.

2018ರ ಆಗಸ್ಟ್ 21ರಂದು ವಾಲ್ವ್ ಪ್ರೋಟಾನ್ ಪ್ರಕಟಿಸಿದಾಗ ದಿಕ್ಕು ಬದಲಾಯಿತು. ವೈನ್ ಬೆಳೆಸಿದ ಕೋಡ್‌ವೀವರ್ಸ್ ಕಂಪನಿಯ ಜೊತೆಗೂಡಿ ಕಟ್ಟಿದ ಪ್ರೋಟಾನ್, ವಿಂಡೋಸ್‌ನ ಆಟವನ್ನು ಇದ್ದಂತೆಯೇ ತೆಗೆದುಕೊಂಡು ಓಡಿಸುತ್ತದೆ. ಅದರೊಳಗಿರುವ, ಫಿಲಿಪ್ ರೆಬೋಲೆ ಶುರುಮಾಡಿದ ಡಿಎಕ್ಸ್‌ವಿಕೆ, ಆಟ ಕೊಡುವ ಡೈರೆಕ್ಟ್‌3ಡಿ ಆದೇಶಗಳನ್ನು ವಲ್ಕನ್ ಆದೇಶಗಳಾಗಿ ಬದಲಿಸಿ ಗ್ರಾಫಿಕ್ಸ್ ಕಾರ್ಡಿಗೆ ಮುಟ್ಟಿಸುತ್ತದೆ. ಡೈರೆಕ್ಟ್‌ಎಕ್ಸ್ 12ರ ಆಟಗಳಿಗೆ ಅದೇ ಕೆಲಸವನ್ನು ವಿಕೆಡಿ3ಡಿ-ಪ್ರೋಟಾನ್ ಮಾಡುತ್ತದೆ. ಹೊಣೆ ಆಟದ ಕಂಪನಿಯಿಂದ ಈ ಅನುವಾದದ ಪದರಕ್ಕೆ, ಅಂದರೆ ವಾಲ್ವ್ ಮತ್ತು ಮುಕ್ತ ತಂತ್ರಾಂಶದ ಕೆಲಸಗಾರರಿಗೆ ಸರಿಯಿತು. 2022ರ ಫೆಬ್ರವರಿ 28ರಿಂದ ಗ್ರಾಹಕರ ಕೈ ಸೇರತೊಡಗಿದ, ಕೈಯಲ್ಲೇ ಹಿಡಿದು ಆಡುವ ವಾಲ್ವ್‌ನ ಸ್ಟೀಮ್ ಡೆಕ್ ಇದನ್ನು ಮನೆಮಾತಾಗಿಸಿತು. 2025ರ ಅಕ್ಟೋಬರಿನ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಬಳಕೆದಾರರ ಪಾಲು ಮೊದಲ ಬಾರಿಗೆ ಶೇ. 3 ದಾಟಿತು. ಅದೇ ತಿಂಗಳ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿತು. ಹಳೆಯ ಯಂತ್ರ ಇಟ್ಟುಕೊಂಡವರು ಲಿನಕ್ಸ್ ಕಡೆ ತಿರುಗಿ ನೋಡಲು ಅದೂ ಒಂದು ಕಾರಣ.

ಕಾರ್ಡಿನ ಆಯ್ಕೆ

ಆಟದ ಯಂತ್ರದಲ್ಲಿ ದೊಡ್ಡ ತೀರ್ಮಾನ ಗ್ರಾಫಿಕ್ಸ್ ಕಾರ್ಡಿನದೇ. ಲಿನಕ್ಸ್ ಬಳಸುವವರಲ್ಲಿ ಎಎಂಡಿ ಕಡೆ ಒಲವು ಹೆಚ್ಚು, ಅದಕ್ಕೆ ಕಾರಣವೂ ಗಟ್ಟಿಯಾಗಿದೆ. ಎಎಂಡಿ ಕಾರ್ಡಿನ ಡ್ರೈವರ್ ಎರಡು ಭಾಗಗಳಲ್ಲಿದೆ. ಕರ್ನಲ್ ಒಳಗಿನ ಎಎಂಡಿಜಿಪಿಯು ಒಂದು, ಮೆಸಾ ಎಂಬ ಮುಕ್ತ ಸಂಗ್ರಹದಲ್ಲಿರುವ ರಾಡ್‌ವಿ ಇನ್ನೊಂದು. ರಾಡ್‌ವಿಯನ್ನು 2016ರಲ್ಲಿ ಶುರುಮಾಡಿದವರು ಎಎಂಡಿ ಕಂಪನಿಯವರಲ್ಲ. ಡೇವ್ ಏರ್ಲಿ ಮತ್ತು ಬಾಸ್ ನ್ಯೂವೆನ್‌ಹೌಜೆನ್ ಹೊರಗಿನಿಂದ ಕಟ್ಟಿದ್ದು ಅದು. ವಾಲ್ವ್ 2019ರಲ್ಲಿ ಅದಕ್ಕೆ ಎಸಿಒ ಎಂಬ ಶೇಡರ್ ಕಂಪೈಲರ್ ಸೇರಿಸಿತು, ಆಟದ ನಡುವೆ ಚಿತ್ರ ತಡವರಿಸುವುದು ಕಡಿಮೆಯಾಯಿತು. 2025ರಲ್ಲಿ ಎಎಂಡಿ ತನ್ನದೇ ಆದ ಎಎಂಡಿವಿಎಲ್‌ಕೆ ಡ್ರೈವರನ್ನು ನಿಲ್ಲಿಸಿ ರಾಡ್‌ವಿಗೇ ಬೆಂಬಲ ಕೊಡಲು ತೀರ್ಮಾನಿಸಿತು. ಹೊರಗಿನವರು ಬರೆದ ಕೋಡನ್ನು ತಯಾರಕರೇ ತಮ್ಮದೆಂದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಎನ್‌ವಿಡಿಯಾದ ಕಥೆ ಬೇರೆ. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಆ ಕಂಪನಿಯ ಮೇಲೆ ಬಹಿರಂಗವಾಗಿ ಸಿಟ್ಟು ತೋರಿಸಿದ್ದು ಜಗತ್ತಿಗೇ ಗೊತ್ತು. ಆಮೇಲೆ ಪರಿಸ್ಥಿತಿ ಸಾಕಷ್ಟು ಸುಧಾರಿಸಿದೆ. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಕರ್ನಲ್ ಮಾಡ್ಯೂಲುಗಳ ಮೂಲವನ್ನು ತೆರೆದಿಟ್ಟಿತು. 2024ರಲ್ಲಿ ಬಂದ 555 ಸರಣಿಯ ಡ್ರೈವರ್, ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆಯಲ್ಲಿ ಚಿತ್ರ ಮಿನುಗುವ ಹಳೆಯ ಕಾಟವನ್ನು ಬಹುಮಟ್ಟಿಗೆ ನೀಗಿಸಿತು. ಡಿಎಲ್‌ಎಸ್‌ಎಸ್, ಕಿರಣ ಅನುಸರಣೆ (ರೇ ಟ್ರೇಸಿಂಗ್) ಬೇಕಾದವರು, ಆಟದ ಹೊರಗೆ ಬ್ಲೆಂಡರ್ ಅಥವಾ ಕುಡಾ ಕೆಲಸ ಇರುವವರು ಎನ್‌ವಿಡಿಯಾ ಆರಿಸಿಕೊಳ್ಳುವುದು ಸಹಜ, ಅದನ್ನು ತಪ್ಪು ಎನ್ನಲಾಗದು. ಆದರೆ ಡ್ರೈವರಿನ ಮುಖ್ಯ ಭಾಗ ಇಂದಿಗೂ ಮುಚ್ಚಿದ್ದೇ, ಅದರ ಹೊಣೆ ಕಂಪನಿಯೊಂದರದೇ.

ಇದರ ಪರಿಣಾಮ ಹಳೆಯ ಕಾರ್ಡುಗಳಲ್ಲಿ ಎದ್ದು ಕಾಣುತ್ತದೆ. ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ಪೀಳಿಗೆಯ ಕಾರ್ಡುಗಳಿಗೆ 580 ಸರಣಿಯೇ ಕೊನೆ ಎಂದು ಎನ್‌ವಿಡಿಯಾ 2025ರಲ್ಲಿ ತಿಳಿಸಿತು. ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಮನೆಗಳಲ್ಲಿರುವ ಜಿಟಿಎಕ್ಸ್ 1050 ಟಿಐ, 1060 ಕಾರ್ಡುಗಳು ಈ ಪೀಳಿಗೆಯವು. ಇನ್ನೊಂದು ಕಡೆ, 2012ರ ಆಸುಪಾಸಿನ ರೇಡಿಯಾನ್ ಎಚ್‌ಡಿ 7000 ಕಾಲದ ಎಎಂಡಿ ಕಾರ್ಡುಗಳನ್ನು ಹಳೆಯ ಡ್ರೈವರಿನಿಂದ ಹೊಸ ಎಎಂಡಿಜಿಪಿಯು ಡ್ರೈವರಿಗೆ ದಾಟಿಸುವ ಕೆಲಸ ಕರ್ನಲ್ 6.19ರಲ್ಲಿ ಆಯಿತು, ಮಾಡಿದವರು ವಾಲ್ವ್‌ಗಾಗಿ ದುಡಿಯುವವರು. ತಯಾರಕರಿಗೆ ಆಸಕ್ತಿ ಹೋದ ಮೇಲೂ ಕೋಡ್ ತೆರೆದಿದ್ದರೆ ಇನ್ನೊಬ್ಬರು ಅದನ್ನು ಮುಂದುವರಿಸಬಹುದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಕಾರ್ಡ್ ಹುಡುಕುವ ವಿದ್ಯಾರ್ಥಿಗೆ ಇದಕ್ಕಿಂತ ಉಪಯುಕ್ತ ಮಾತು ಇನ್ನೊಂದಿಲ್ಲ. ಬೆಲೆ ಕೇಳುವ ಮೊದಲು ಆ ಕಾರ್ಡಿನ ಡ್ರೈವರ್ ಇನ್ನು ಎಷ್ಟು ವರ್ಷ ಯಾರ ಕೈಯಲ್ಲಿರುತ್ತದೆ ಎಂದು ನೋಡಬೇಕು.

ಎಎಂಡಿ ಒಲವಿನವರು ಒಪ್ಪಿಕೊಳ್ಳಬೇಕಾದ ಕೊರತೆಯೂ ಉಂಟು. ಮುಕ್ತ ಡ್ರೈವರಿನಲ್ಲಿ ಎಚ್‌ಡಿಎಂಐ 2.1 ಅಳವಡಿಸಲು ಎಎಂಡಿ ಮಾಡಿದ ಪ್ರಸ್ತಾವವನ್ನು ಎಚ್‌ಡಿಎಂಐ ಫೋರಂ ತಿರಸ್ಕರಿಸಿದ ಸುದ್ದಿ 2024ರ ಆರಂಭದಲ್ಲಿ ಹೊರಬಂತು. ಟಿವಿಗೆ ಎಚ್‌ಡಿಎಂಐ ತಂತಿ ಜೋಡಿಸಿ 4ಕೆ ಚಿತ್ರವನ್ನು ಪೂರ್ತಿ ಬಣ್ಣದಲ್ಲಿ 120 ಹರ್ಟ್ಜ್‌ಗೆ ಏರಿಸಬೇಕೆಂದವರಿಗೆ ಇದು ದೊಡ್ಡ ಅಡ್ಡಿಯಾಯಿತು. ಮಾನಿಟರ್ ಕೊಳ್ಳುವವರು ಡಿಸ್‌ಪ್ಲೇಪೋರ್ಟ್ ಇರುವುದನ್ನೇ ಕೊಳ್ಳುವುದು ಜಾಣತನ.

ಕೈಗೆ ಹಿಡಿಯುವ ಯಂತ್ರ, ಲ್ಯಾಪ್‌ಟಾಪ್, ಕಂಟ್ರೋಲರ್

ಸ್ಟೀಮ್ ಡೆಕ್‌ನ ಮೊದಲ ಮಾದರಿಯಲ್ಲಿ 7 ಇಂಚಿನ, 1280×800 ಬಿಂದುಗಳ ಪರದೆ, 16 ಜಿಬಿ ಮೆಮೊರಿ, ಎಎಂಡಿಯ 4 ಕೋರ್ ಚಿಪ್ ಇದ್ದವು. ಆರಂಭದ ಬೆಲೆ 399 ಡಾಲರ್. ಅಂಕಿಗಳನ್ನು ನೋಡಿದರೆ ಇದು ಸಾಧಾರಣ ಯಂತ್ರ. ಆದರೂ ಜನ ಇದನ್ನು ಮೆಚ್ಚಿದ್ದು ಚಿಪ್, ಡ್ರೈವರ್, ಆಪರೇಟಿಂಗ್ ಸಿಸ್ಟಂ, ಪ್ರೋಟಾನ್ ಎಲ್ಲಕ್ಕೂ ಒಬ್ಬರೇ ಹೊಣೆ ಹೊತ್ತದ್ದಕ್ಕೆ. ಆಟ ಓಡದಿದ್ದರೆ ಯಾರನ್ನು ಕೇಳಬೇಕೆಂಬ ಗೊಂದಲ ಅಲ್ಲಿಲ್ಲ. 2025ರ ಮೇ ತಿಂಗಳಲ್ಲಿ ಲೆನೊವೊದ ಲೀಜನ್ ಗೋ ಎಸ್ ಕೂಡ ಡೆಕ್‌ನ ಆಪರೇಟಿಂಗ್ ಸಿಸ್ಟಂ ಆದ ಸ್ಟೀಮ್‌ಒಎಸ್ ಹಾಕಿಕೊಂಡೇ ಬಂತು. ಅದೇ ವರ್ಷದ ನವೆಂಬರಿನಲ್ಲಿ ವಾಲ್ವ್ ಹೊಸ ಸ್ಟೀಮ್ ಮಷೀನನ್ನು ಘೋಷಿಸಿತು. ಹತ್ತು ವರ್ಷದ ಹಿಂದೆ ಸೋತ ಹೆಸರನ್ನೇ ಮತ್ತೆ ಹೊರತೆಗೆಯುವ ಧೈರ್ಯ ಬಂದದ್ದು ಪ್ರೋಟಾನ್‌ನಿಂದ.

ನಮ್ಮವರಿಗೆ ತೊಡಕು ಬೇರೆ. ಡೆಕ್ ಬಿಡುಗಡೆಯಾದ ದೇಶಗಳ ಪಟ್ಟಿಯಲ್ಲಿ ಭಾರತವಿರಲಿಲ್ಲ, ಇಲ್ಲಿಗೆ ಅದು ಬಂದದ್ದು ಆಮದುದಾರರ ಮೂಲಕ. ವಾರಂಟಿಯೇ ಇಲ್ಲದ ಯಂತ್ರದಲ್ಲಿ ಹೊಣೆಯ ಪ್ರಶ್ನೆ ಪೂರ್ತಿ ಕೊಂಡವನ ತಲೆಗೇ ಬರುತ್ತದೆ. ಅದಕ್ಕಾಗಿ ಇಲ್ಲಿ ಹೆಚ್ಚಿನವರು ಆರಿಸಿಕೊಳ್ಳುವುದು ಸಾಮಾನ್ಯ ಲ್ಯಾಪ್‌ಟಾಪ್ ಅಥವಾ ಬಿಡಿ ಭಾಗ ಜೋಡಿಸಿದ ಡೆಸ್ಕ್‌ಟಾಪ್. ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರಿನ ಒಳಗೊಂದು, ಬೇರೆಯಾಗಿ ಒಂದು, ಹೀಗೆ ಎರಡು ಗ್ರಾಫಿಕ್ಸ್ ಚಿಪ್ ಇದ್ದರೆ ಆಟ ಯಾವುದರಲ್ಲಿ ಓಡುತ್ತಿದೆ ಎಂದು ಪರೀಕ್ಷಿಸಿಕೊಳ್ಳಬೇಕು. ಮ್ಯಾಂಗೋಹಡ್ ಎಂಬ ಪುಟ್ಟ ಸಾಧನ ಪರದೆಯ ಮೂಲೆಯಲ್ಲೇ ಅದನ್ನು ತೋರಿಸುತ್ತದೆ.

ಕಂಟ್ರೋಲರ್ ವಿಷಯದಲ್ಲಿ ಈಗ ನೆಮ್ಮದಿ. ಎಕ್ಸ್‌ಬಾಕ್ಸ್ ಕಂಟ್ರೋಲರುಗಳಿಗೆ ಕರ್ನಲಿನಲ್ಲೇ ಎಕ್ಸ್‌ಪ್ಯಾಡ್ ಡ್ರೈವರ್ ಇದೆ. ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್‌ಗೆ ಸೋನಿ ಕಂಪನಿಯೇ ಬರೆದುಕೊಟ್ಟ ಡ್ರೈವರ್ 2021ರಲ್ಲಿ ಕರ್ನಲ್ 5.12ಕ್ಕೆ ಸೇರಿತು. ತಯಾರಕರು ಹೊಣೆ ಹೊತ್ತರೆ ಕೆಲಸ ಎಷ್ಟು ಹಗುರವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಪ್ಯಾಕೇಜುಗಳ ಐದು ದಾರಿ

ಮೊದಲ ದಾರಿ ಹಳೆಯದು: ಡೆಬಿಯನ್, ಉಬುಂಟುಗಳ ಡೆಬ್, ಫೆಡೋರಾದ ಆರ್‌ಪಿಎಂ, ಆರ್ಚ್‌ನ ಪ್ಯಾಕ್‌ಮ್ಯಾನ್ ಪ್ಯಾಕೇಜು. ಇಲ್ಲಿ ಡಿಸ್ಟ್ರೊ ತಂಡ ಮೂಲ ಕೋಡನ್ನು ತಂದು, ತನ್ನ ಲೈಬ್ರರಿಗಳಿಗೆ ಹೊಂದಿಸಿ, ಸಹಿ ಹಾಕಿ ಕೊಡುತ್ತದೆ. ಕರ್ನಲ್, ಮೆಸಾ, ಎನ್‌ವಿಡಿಯಾ ಡ್ರೈವರ್‌ಗಳಿಗೆ ಇದೇ ಸರಿಯಾದ ದಾರಿ, ಅವು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಬ್ಬರೇ ಹೊಂದಿಸಬೇಕು. ವಾಲ್ವ್ ಸ್ಟೀಮ್‌ಗಾಗಿ ಅಧಿಕೃತವಾಗಿ ಕೊಡುವುದೂ ಡೆಬ್ ಪ್ಯಾಕೇಜನ್ನೇ. ಕೊರತೆಯೆಂದರೆ ಹಳತಾಗುವುದು: ಸ್ಥಿರ ಡಿಸ್ಟ್ರೊಗಳಲ್ಲಿ ಎಮ್ಯುಲೇಟರ್, ಲಾಂಚರುಗಳ ಹಳೆಯ ಆವೃತ್ತಿಯೇ ಉಳಿಯುತ್ತದೆ.

ಎರಡನೆಯದು ಆರ್ಚ್ ಬಳಗದ ಎಯುಆರ್. ಯಾರು ಬೇಕಾದರೂ ಪ್ಯಾಕೇಜು ಕಟ್ಟುವ ಸೂಚನೆಯ ಕಡತ, ಅಂದರೆ ಪಿಕೆಜಿಬಿಲ್ಡ್, ಬರೆದು ಸೇರಿಸಬಹುದು. ಹೊಸದಾಗಿ ಬಂದದ್ದೆಲ್ಲ ಬೇಗ ಸಿಗುತ್ತದೆ, ಆದರೆ ಆ ಕಡತವನ್ನು ಓದಿ ನೋಡುವ ಹೊಣೆ ಬಳಸುವವನದು. 2025ರ ಜುಲೈಯಲ್ಲಿ ಫೈರ್‌ಫಾಕ್ಸ್, ಲಿಬ್ರೆವುಲ್ಫ್, ಜೆನ್ ಬ್ರೌಸರುಗಳ ಸುಧಾರಿತ ರೂಪವೆಂಬ ಹೆಸರಿನಲ್ಲಿ ಅಲ್ಲಿ ಸೇರಿದ್ದ ಮೂರು ಪ್ಯಾಕೇಜುಗಳು ದೂರದಿಂದ ಕಂಪ್ಯೂಟರನ್ನು ಹತೋಟಿಗೆ ತೆಗೆದುಕೊಳ್ಳುವ ದುಷ್ಟ ಪ್ರೋಗ್ರಾಂ ಹೊತ್ತಿದ್ದವು. ಪತ್ತೆಯಾದ ಕೂಡಲೇ ಆರ್ಚ್ ತಂಡ ಅವನ್ನು ಅಳಿಸಿತು. ಕಡತ ಓದುವ ಅಭ್ಯಾಸವಿಲ್ಲದವರಿಗೆ ಎಯುಆರ್ ಸೂಚಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು ಸ್ನ್ಯಾಪ್. ಉಬುಂಟು ಹಿಂದಿರುವ ಕೆನಾನಿಕಲ್ ಕಂಪನಿಯದು, 2016ರ ಉಬುಂಟು 16.04ರೊಂದಿಗೆ ಡೆಸ್ಕ್‌ಟಾಪ್‌ಗೆ ಬಂತು. ತಾನಾಗಿ ಅಪ್‌ಡೇಟ್ ಆಗುತ್ತದೆ, ಸರ್ವರುಗಳಿಗೂ ಒಗ್ಗುತ್ತದೆ. ಆದರೆ ಅದರ ಅಂಗಡಿಯ ಸರ್ವರ್ ಕೋಡ್ ಮುಚ್ಚಿದ್ದು, ಅಂಗಡಿಯೂ ಒಂದೇ, ಅದೂ ಕೆನಾನಿಕಲ್ ಕೈಯಲ್ಲಿ. ಇದೇ ಕಾರಣಕ್ಕೆ ಲಿನಕ್ಸ್ ಮಿಂಟ್ 2020ರಲ್ಲಿ ಸ್ನ್ಯಾಪ್ ತಾನಾಗಿ ಒಳಸೇರದಂತೆ ತಡೆ ಹಾಕಿತು. ಆಟಗಾರರಿಗೆ ಸಂಬಂಧಿಸಿದ ಮಾತು 2024ರ ಜನವರಿಯದು: ಸ್ಟೀಮ್‌ನ ಸ್ನ್ಯಾಪ್ ರೂಪದಿಂದ ಬರುವ ದೂರುಗಳು ಹೆಚ್ಚುತ್ತಿವೆ, ಡೆಬ್ ಬಳಸಿ ಎಂದು ವಾಲ್ವ್ ಪರ ಕೆಲಸ ಮಾಡುವವರೇ ಬಹಿರಂಗವಾಗಿ ಹೇಳಬೇಕಾಯಿತು. ಸ್ನ್ಯಾಪ್ ಕಟ್ಟಿದವರು ಒಬ್ಬರು, ಬೈಗುಳ ತಿಂದವರು ಇನ್ನೊಬ್ಬರು.

ನಾಲ್ಕನೆಯದು ಫ್ಲ್ಯಾಟ್‌ಪ್ಯಾಕ್. ಅಲೆಕ್ಸಾಂಡರ್ ಲಾರ್ಸನ್ ಎಕ್ಸ್‌ಡಿಜಿ-ಆ್ಯಪ್ ಹೆಸರಲ್ಲಿ ಶುರುಮಾಡಿದ್ದು, 2016ರಲ್ಲಿ ಈಗಿನ ಹೆಸರು ಪಡೆಯಿತು. ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳು ‘ರನ್‌ಟೈಮ್’ ಎಂಬ ಹಂಚಿಕೆಯ ಕಟ್ಟಿನಲ್ಲಿ ಬರುತ್ತವೆ, ಹೀಗಾಗಿ ಯಾವ ಡಿಸ್ಟ್ರೊ ಇದ್ದರೂ ಒಂದೇ ಪ್ಯಾಕೇಜು ಓಡುತ್ತದೆ. ಮೊದಲ ಬಾರಿ ನೂರಾರು ಎಂಬಿ ಇಳಿಸಿಕೊಳ್ಳಬೇಕು. ಆಮೇಲೆ ಅದೇ ರನ್‌ಟೈಮ್ ಬಳಸುವ ಇತರ ಪ್ರೋಗ್ರಾಂಗಳಿಗೆ ಆ ಭಾರವಿಲ್ಲ. ಸ್ಟೀಮ್ ಡೆಕ್ ಇದನ್ನು ಆರಿಸಿಕೊಂಡದ್ದರ ಕಾರಣ ನೋಡಿ. ಅಲ್ಲಿ ಸಿಸ್ಟಂ ಭಾಗ ಓದಲು ಮಾತ್ರ. ಬೀಗ ತೆಗೆದು ಪ್ಯಾಕ್‌ಮ್ಯಾನ್‌ನಿಂದ ಏನಾದರೂ ಹಾಕಿಕೊಂಡರೆ ಮುಂದಿನ ಅಪ್‌ಡೇಟ್‌ನಲ್ಲಿ ಅದು ಅಳಿದುಹೋಗುತ್ತದೆ. ಫ್ಲ್ಯಾಟ್‌ಪ್ಯಾಕ್‌ಗಳು ಹೋಮ್ ವಿಭಾಗದಲ್ಲಿ ಕೂರುವುದರಿಂದ ಉಳಿಯುತ್ತವೆ. ಸಿಸ್ಟಂನ ಹೊಣೆ ವಾಲ್ವ್‌ಗೆ, ಮೇಲಿನ ಪ್ರೋಗ್ರಾಂಗಳ ಹೊಣೆ ಅವುಗಳ ತಂಡಕ್ಕೆ ಎಂಬ ಗೆರೆ ಅಲ್ಲಿ ಸ್ಪಷ್ಟ.

ಐದನೆಯದು ಆ್ಯಪ್‌ಇಮೇಜ್. ಸೈಮನ್ ಪೀಟರ್ 2004ರಲ್ಲಿ ಶುರುಮಾಡಿದ ಕ್ಲಿಕ್ ಯೋಜನೆ ಇದರ ಮೂಲ. ಇಡೀ ಪ್ರೋಗ್ರಾಂ ಒಂದೇ ಕಡತದಲ್ಲಿರುತ್ತದೆ. ಇಳಿಸಿಕೊಂಡು, ಓಡಿಸಲು ಅನುಮತಿ ಕೊಟ್ಟು, ಕ್ಲಿಕ್ ಮಾಡಿದರೆ ಸಾಕು. ಪ್ಲೇಸ್ಟೇಷನ್ 3ರ ಎಮ್ಯುಲೇಟರ್ ಆರ್‌ಪಿಸಿಎಸ್3ಯ ತಂಡ ಲಿನಕ್ಸ್‌ಗೆ ಕೊಡುವುದು ಈ ರೂಪದಲ್ಲೇ. ನಿನ್ನೆಯ ಆವೃತ್ತಿ ಕೆಟ್ಟರೆ ಮೊನ್ನೆಯ ಕಡತ ಪಕ್ಕದಲ್ಲೇ ಇರುತ್ತದೆ. ಆದರೆ ಅಪ್‌ಡೇಟ್ ಮಾಡುವುದು, ಮೆನುವಿಗೆ ಸೇರಿಸುವುದು ಸಾಮಾನ್ಯವಾಗಿ ನಮ್ಮ ಕೆಲಸ. ಹಲವು ಆ್ಯಪ್‌ಇಮೇಜ್‌ಗಳಿಗೆ ಬೇಕಾದ ಲಿಬ್‌ಫ್ಯೂಸ್2 ಉಬುಂಟು 22.04ರಿಂದ ಮೊದಲೇ ಹಾಕಿ ಬರುವುದಿಲ್ಲ. ಅದಿಲ್ಲದಿದ್ದರೆ ಹೊಸಬರು ಎಷ್ಟು ಕ್ಲಿಕ್ ಮಾಡಿದರೂ ಪರದೆಯಲ್ಲಿ ಏನೂ ಆಗುವುದಿಲ್ಲ.

ಯಂತ್ರ ಮತ್ತು ಪ್ಯಾಕೇಜು ತಾಕುವ ಜಾಗ

ಎರಡೂ ವಾದಗಳು ಒಂದಾಗುವ ಸ್ಥಳವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಎನ್‌ವಿಡಿಯಾ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಸ್ಟೀಮನ್ನು ಫ್ಲ್ಯಾಟ್‌ಪ್ಯಾಕ್ ಆಗಿ ಹಾಕಿಕೊಂಡಿದ್ದೀರಿ ಎನ್ನಿ. ಫ್ಲ್ಯಾಟ್‌ಪ್ಯಾಕ್ ಹೊರಗಿನ ಸಿಸ್ಟಂನ ಡ್ರೈವರನ್ನು ನೇರ ಬಳಸದು. ತನ್ನೊಳಗೆ ಅದೇ ಡ್ರೈವರಿನ ಇನ್ನೊಂದು ಪ್ರತಿ ಇಟ್ಟುಕೊಳ್ಳುತ್ತದೆ. ಹೊರಗಿನ ಕರ್ನಲ್ ಭಾಗದ ಆವೃತ್ತಿ ಸಂಖ್ಯೆಯೂ ಒಳಗಿನ ಪ್ರತಿಯ ಸಂಖ್ಯೆಯೂ ಅಕ್ಷರಶಃ ಒಂದೇ ಇರಬೇಕು. ಬೆಳಿಗ್ಗೆ ಸಿಸ್ಟಂ ಅಪ್‌ಡೇಟ್ ಆಗಿ ಹೊಸ ಡ್ರೈವರ್ ಬಂತು, ಫ್ಲ್ಯಾಟ್‌ಪ್ಯಾಕ್ ಅಪ್‌ಡೇಟ್ ಮಾಡಲು ಮರೆತಿರಿ. ಸಂಜೆ ಆಟ ತೆರೆಯುವುದೇ ಇಲ್ಲ, ಇಲ್ಲವೇ ಕಾರ್ಡನ್ನು ಬಿಟ್ಟು ಪ್ರೊಸೆಸರಿನಲ್ಲೇ ಚಿತ್ರ ಬಿಡಿಸುತ್ತ ಕುಂಟುತ್ತದೆ. ಎಎಂಡಿ ಕಾರ್ಡಿನಲ್ಲಿ ಮೆಸಾ ಸಂಖ್ಯೆ ಕರ್ನಲಿಗೆ ಹೀಗೆ ಕಟ್ಟುಬಿದ್ದಿಲ್ಲ, ಆದ್ದರಿಂದ ಈ ಕಾಟವೂ ಇಲ್ಲ. ಕಂಟ್ರೋಲರುಗಳಿಗೂ ಇಂಥದೇ ಗಂಟು ಇದೆ: ಸಾಧನಕ್ಕೆ ಅನುಮತಿ ಕೊಡುವ ಯುಡೆವ್ ನಿಯಮಗಳನ್ನು ಫ್ಲ್ಯಾಟ್‌ಪ್ಯಾಕ್ ಸಿಸ್ಟಂಗೆ ಬರೆಯಲಾರದು. ಸ್ಟೀಮ್-ಡಿವೈಸಸ್ ಎಂಬ ಪ್ಯಾಕೇಜನ್ನು ಡಿಸ್ಟ್ರೊದಿಂದಲೇ ಹಾಕಿಕೊಳ್ಳಬೇಕು. ಎರಡನೇ ಡಿಸ್ಕ್‌ನಲ್ಲಿ ಆಟಗಳಿದ್ದರೆ ಆ ಫೋಲ್ಡರಿಗೆ ಫ್ಲ್ಯಾಟ್‌ಸೀಲ್ ಎಂಬ ಅನುಮತಿ ಸಾಧನದಿಂದ ಪ್ರವೇಶ ಕೊಡಬೇಕು. ಜೊತೆಗೆ ಫ್ಲ್ಯಾಟ್‌ಪ್ಯಾಕ್‌ಗಳ ಅಂಗಡಿಯಾದ ಫ್ಲ್ಯಾಟ್‌ಹಬ್‌ನ ಸ್ಟೀಮ್ ವಾಲ್ವ್‌ನದಲ್ಲ, ಸಮುದಾಯ ಕಟ್ಟಿದ್ದು.

ಆಟಗಳೂ ಸ್ವತಃ ಒಂದು ಬಗೆಯ ಪ್ಯಾಕೇಜಿನ ಒಳಗೇ ಓಡುತ್ತವೆ ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಸ್ಟೀಮ್ ಲಿನಕ್ಸ್ ರನ್‌ಟೈಮ್ ಪ್ರತಿ ಆಟವನ್ನು ಕಂಟೇನರಿನಲ್ಲಿಟ್ಟು, ಡೆಬಿಯನ್ 11ರಂಥ ಗೊತ್ತುಪಡಿಸಿದ ಲೈಬ್ರರಿಗಳನ್ನು ಕೊಡುತ್ತದೆ. ಫ್ಲ್ಯಾಟ್‌ಪ್ಯಾಕ್ ಬಳಸುವ ಬಬಲ್‌ರ‍್ಯಾಪ್ ಸಾಧನವೇ ಇಲ್ಲಿಯೂ ಕೆಲಸ ಮಾಡುತ್ತದೆ. ಹಾಗಾಗಿ ಸ್ಟೀಮ್ ಅನ್ನು ಡೆಬ್ ಆಗಿ ಹಾಕಿಕೊಂಡವರೂ ಆಟದ ಮಟ್ಟದಲ್ಲಿ ಕಂಟೇನರ್ ಬಳಸುತ್ತಿದ್ದಾರೆ.

ಹೊಣೆ ಜಾರಿದಾಗ

ಕಳೆದ ಕೆಲವು ವರ್ಷಗಳ ಮುಖ್ಯ ಜಗಳಗಳೆಲ್ಲ ಹೊಣೆಯ ಸುತ್ತಲಿನವೇ. 2019ರ ಜೂನ್‌ನಲ್ಲಿ ಉಬುಂಟು 32 ಬಿಟ್ ಲೈಬ್ರರಿಗಳನ್ನು ಕೈಬಿಡುವುದಾಗಿ ಹೇಳಿತು. ಸ್ಟೀಮ್ ಮತ್ತು ಹಳೆಯ ಆಟಗಳು ಅವನ್ನೇ ನಂಬಿದ್ದವು. ಮುಂದಿನ ಆವೃತ್ತಿಯನ್ನು ಬೆಂಬಲಿಸುವುದಿಲ್ಲವೆಂದು ವಾಲ್ವ್ ಕಡೆಯಿಂದ ಮಾತು ಬಂದಾಗ ಕೆನಾನಿಕಲ್ ಹಿಂದೆ ಸರಿಯಿತು. 2025ರಲ್ಲಿ ಫೆಡೋರಾದಲ್ಲಿ ಅಂಥದೇ ಪ್ರಸ್ತಾವ ಬಂತು. ಫೆಡೋರಾ ಮೇಲೆ ಕಟ್ಟಿದ, ಆಟಗಾರರ ಮೆಚ್ಚಿನ ಬಝೈಟ್ ಯೋಜನೆಯನ್ನೇ ಮುಚ್ಚಬೇಕಾದೀತು ಎಂದು ಅದರ ಸ್ಥಾಪಕರು ಎಚ್ಚರಿಸಿದರು, ಪ್ರಸ್ತಾವ ವಾಪಸಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಪರದೆ ರೆಕಾರ್ಡ್ ಮಾಡುವ ಪ್ರೋಗ್ರಾಂ ಒಬಿಎಸ್ ಸ್ಟುಡಿಯೊದ ತಂಡ, ಫೆಡೋರಾ ತಾನೇ ಕಟ್ಟಿ ಹಂಚುತ್ತಿದ್ದ ಫ್ಲ್ಯಾಟ್‌ಪ್ಯಾಕ್ ಸರಿಯಾಗಿ ಓಡುತ್ತಿಲ್ಲ, ಅದರ ದೂರು ತಮಗೆ ಬರುತ್ತಿದೆ, ತಮ್ಮ ಹೆಸರು ತೆಗೆಯಿರಿ ಎಂದು ಕಾನೂನು ಕ್ರಮದ ಮಾತನ್ನೂ ಆಡಿತು. ಮಾತುಕತೆಯಲ್ಲಿ ಅದು ಬಗೆಹರಿಯಿತು. ಒಂದೇ ಫ್ಲ್ಯಾಟ್‌ಪ್ಯಾಕ್ ರೂಪದಲ್ಲೂ ಯಾರು ಕಟ್ಟಿದರು ಎಂಬುದರಿಂದ ಗುಣ ಬದಲಾಗುತ್ತದೆ ಎಂಬ ಪಾಠ ಅಲ್ಲಿದೆ.

ಇನ್ನೊಂದು ಜಾಗದಲ್ಲಿ ಯಾವ ಆಯ್ಕೆಯೂ ಫಲಿಸದು. ಮೋಸ ತಡೆಯುವ ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್‌ಗೆ ಒಗ್ಗುತ್ತವೆ, ಆದರೆ ಒಪ್ಪಿಗೆ ಕೊಡಬೇಕಾದವರು ಆಟದ ಕಂಪನಿಗಳು. ವ್ಯಾಲೊರಂಟ್ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಎಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ ಕೊನೆಯಲ್ಲಿ ಇದ್ದ ಬೆಂಬಲವನ್ನೂ ತೆಗೆದುಹಾಕಿತು. ಗೆಳೆಯರ ಗುಂಪೆಲ್ಲ ಈ ಆಟಗಳಲ್ಲೇ ಇದ್ದರೆ ಲಿನಕ್ಸ್‌ಗೆ ಪೂರ್ತಿ ಬಾ ಎಂದು ಯಾರನ್ನೂ ಒತ್ತಾಯಿಸಬಾರದು.

ಕನ್ನಡ ಟೈಪ್ ಮಾಡುವವರಿಗೆ

ಕನ್ನಡಿಗರಿಗೆ ಇನ್ನೊಂದು ಪರೀಕ್ಷೆ ಇದೆ, ಬೇರೆಯವರ ಸಮೀಕ್ಷೆಗಳಲ್ಲಿ ಅದು ಬರುವುದಿಲ್ಲ. ನಾವು ಐಬಸ್ ಅಥವಾ ಎಫ್‌ಸಿಐಟಿಎಕ್ಸ್ ಎಂಬ ಟೈಪಿಂಗ್ ವ್ಯವಸ್ಥೆಯಲ್ಲಿ ಕಗಪ ಕೀಲಿಮಣೆ ವಿನ್ಯಾಸ ಹಾಕಿಕೊಂಡು ಬರೆಯುತ್ತೇವೆ. ಡಿಸ್ಟ್ರೊ ಪ್ಯಾಕೇಜಿನ ಪ್ರೋಗ್ರಾಂಗಳಲ್ಲಿ ಇದು ಸಲೀಸು. ಫ್ಲ್ಯಾಟ್‌ಪ್ಯಾಕ್ ಐಬಸ್ ಪೋರ್ಟಲ್ ಮೂಲಕ ಕೀಲಿಗಳನ್ನು ಒಳಕ್ಕೆ ಕಳಿಸುತ್ತದೆ, ಸಿಸ್ಟಂನ ಫಾಂಟುಗಳನ್ನೂ ತೋರಿಸುತ್ತದೆ. ಆ್ಯಪ್‌ಇಮೇಜ್‌ನಲ್ಲಿ ಕಟ್ಟಿದವರು ಕ್ಯೂಟಿ ಲೈಬ್ರರಿಯ ಜೊತೆ ಐಬಸ್ ಪ್ಲಗಿನ್ ಇಡಲು ಮರೆತಿದ್ದರೆ ಅಂಥ ಪ್ರೋಗ್ರಾಂನಲ್ಲಿ ಕನ್ನಡ ಮೂಡುವುದೇ ಇಲ್ಲ. ವಿನ್ಯಾಸ ಬದಲಿಸಿದರೂ ಇಂಗ್ಲಿಷ್ ಅಕ್ಷರವೇ ಬೀಳುತ್ತದೆ. ಕಟ್ಟಿದವರಿಗೆ ಇದು ಗೊತ್ತಾಗುವುದು ನಾವು ದೂರು ಬರೆದಾಗ ಮಾತ್ರ. ನಮ್ಮ ಭಾಷೆಯ ಮಟ್ಟಿಗೆ ಪರೀಕ್ಷಿಸಿ ಹೇಳುವ ಹೊಣೆ ನಮ್ಮದೇ, ಬೇರೆ ಯಾರೂ ಅದನ್ನು ಮಾಡಿಕೊಡುವುದಿಲ್ಲ.

ನನ್ನ ಆಯ್ಕೆ

ಇಷ್ಟೆಲ್ಲ ತೂಗಿದ ಮೇಲೆ ನನ್ನ ಆಯ್ಕೆ ಪದರ ನೋಡಿ ನಡೆಯುತ್ತದೆ. ಕಾರ್ಡ್ ಎಎಂಡಿ, ಕಾರಣ ಅದರ ಡ್ರೈವರನ್ನು ಒಂದಕ್ಕಿಂತ ಹೆಚ್ಚು ತಂಡಗಳು ಕಾಯುತ್ತವೆ. ಕರ್ನಲ್, ಮೆಸಾ ಡಿಸ್ಟ್ರೊದಿಂದ. ಸ್ಟೀಮ್ ಕೂಡ ಡಿಸ್ಟ್ರೊ ಪ್ಯಾಕೇಜೇ, ಕಂಟ್ರೋಲರ್ ನಿಯಮಗಳು ಜೊತೆಯಲ್ಲೇ ಬರಲೆಂದು. ಎಪಿಕ್, ಜಿಒಜಿ ಆಟಗಳಿಗೆ ಹೀರೋಯಿಕ್ ಲಾಂಚರ್, ಒಬಿಎಸ್, ಚಾಟ್ ಪ್ರೋಗ್ರಾಂಗಳು ಫ್ಲ್ಯಾಟ್‌ಹಬ್‌ನಿಂದ, ಅವುಗಳ ತಂಡವೇ ಕಟ್ಟಿದ್ದೆಂಬ ದೃಢೀಕರಣ ಗುರುತು ಇದೆಯೇ ಎಂದು ನೋಡಿಕೊಂಡು. ಆ್ಯಪ್‌ಇಮೇಜ್ ಎಮ್ಯುಲೇಟರಿನಂಥವಕ್ಕೆ ಮಾತ್ರ, ಅದೂ ಬರೆದವರದೇ ಜಾಲತಾಣದಿಂದ. ದುರಸ್ತಿಗೆ ಪುರುಸೊತ್ತಿಲ್ಲದವರಿಗೆ ಬಝೈಟ್ ಸೂಚಿಸುತ್ತೇನೆ: ಇಡೀ ಸಿಸ್ಟಂ ಒಂದೇ ಚಿತ್ರವಾಗಿ ಬರುತ್ತದೆ, ಹೊಸದು ಕೆಟ್ಟರೆ ಮರುಬೂಟ್‌ನಲ್ಲಿ ಹಿಂದಿನದಕ್ಕೆ ಮರಳಬಹುದು.

ಬೇರೆಯವರ ತೂಕ ಬೇರೆ ಬಂದೀತು. ಕುಡಾ ಬೇಕಾದವರು ಎನ್‌ವಿಡಿಯಾ ತೆಗೆದುಕೊಂಡು ಸ್ಟೀಮನ್ನು ಡಿಸ್ಟ್ರೊ ಪ್ಯಾಕೇಜಿನಲ್ಲೇ ಇಟ್ಟರೆ ಅದೂ ಯೋಚಿಸಿದ ಆಯ್ಕೆಯೇ. ಉಬುಂಟುವನ್ನೇ ನಂಬಿದವರು ಸ್ನ್ಯಾಪ್ ಬಳಸಿದರೆ ತಪ್ಪಿಲ್ಲ, ಸ್ಟೀಮ್ ಒಂದನ್ನು ಬಿಟ್ಟು. ನನಗೆ ಬೇಸರ ತರುವುದು ಕಾರಣ ಹೇಳದೆ ಕೊಡುವ ಸಲಹೆ. ಹೊಸದಾಗಿ ಲಿನಕ್ಸ್‌ಗೆ ಬಂದ ಹುಡುಗನೊಬ್ಬ ‘ಇದೇ ಹಾಕು’ ಎಂಬ ಮಾತು ನಂಬಿ, ಆಟ ಓಡದೆ, ಯಾರನ್ನು ಕೇಳಬೇಕೆಂದು ತಿಳಿಯದೆ ವಿಂಡೋಸ್‌ಗೆ ಮರಳಿದರೆ ತಪ್ಪು ಸಲಹೆ ಕೊಟ್ಟವರದು. ಒಂದು ಕಾರ್ಡನ್ನೋ ಪ್ಯಾಕೇಜನ್ನೋ ಸೂಚಿಸುವಾಗ ಅದನ್ನು ಕಟ್ಟಿದವರು ಯಾರು, ಕೆಟ್ಟರೆ ದೂರು ಎಲ್ಲಿ ದಾಖಲಿಸಬೇಕು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳೋಣ. ಆಗ ಅವನು ಮುಂದಿನ ಆಯ್ಕೆಯನ್ನು ನಮ್ಮನ್ನು ಕೇಳದೆಯೇ ಮಾಡಬಲ್ಲ.